ಶ್ವಾಸಕೋಶದ ಉರಿಯೂತ: ಆರಿಸುವುದಕ್ಕೂ ಒಂದು ಹೊತ್ತು

(ಚಿಕ್ಕಪ್ಪ ಬಹುಕಾಲ ಔಷಧಿ ಅಂಗಡಿ ನಡೆಸಿ ಈಗ ಅದನ್ನು ಮಗನಿಗೆ ವಹಿಸಿದವರು. ಜೊತೆಗೆ ಒಂದಿಷ್ಟು ಅಡಿಕೆ ತೋಟವೂ ಇದೆ. ಅವರ ಅಣ್ಣನ ಮಗಳು ಐಸಿಯು ವೈದ್ಯೆ. ನೆಂಟರೊಬ್ಬರು ವೆಂಟಿಲೇಟರ್ ಮೇಲೆ ಕೆಲವು ದಿನ ಕಳೆದು, ಹುಷಾರಾಗಿ ಮನೆಗೆ ಬಂದ ಮೇಲೆ ಇಬ್ಬರ ನಡುವೆ ನಡೆದ ಮಾತು.)

ಚಿಕ್ಕಪ್ಪ: ಒಂದು ವಿಷಯ ನನಗೆ ಬಗೆಹರೀತಾ ಇಲ್ಲ ಕಣಮ್ಮ. ಅವರಿಗೆ ಆಗಿದ್ದು ಹೊಟ್ಟೆ ಕಾಯಿಲೆ. ಪ್ಯಾಂಕ್ರಿಯಾಸ್ ಊದಿಕೊಂಡು ಅಡ್ಮಿಟ್ ಆದವರು. ಮೂರನೇ ದಿನ ನೋಡಿದರೆ ಎದೆ ಎಕ್ಸ್‌ರೇ ಎರಡೂ ಕಡೆ ಬೆಳ್ಳಗೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಎಆರ್‌ಡಿಎಸ್' ಅಂದರೆ ತೀವ್ರ ಉಸಿರಾಟದ ತೊಂದರೆ ಅಂತ ಬರೆದಿದ್ದಾರೆ. ಹೊಟ್ಟೆಗೂ ಶ್ವಾಸಕೋಶಕ್ಕೂ ಎಲ್ಲಿಯ ಸಂಬಂಧ?

ಮಗಳು: ರಕ್ತಸಂಬಂಧ ಚಿಕ್ಕಪ್ಪ. ಮೈಯಲ್ಲಿ ಓಡಾಡೋ ರಕ್ತವೆಲ್ಲ ಪ್ರತಿ ಸುತ್ತಿನಲ್ಲೂ ಶ್ವಾಸಕೋಶ ಹಾದೇ ಹೋಗಬೇಕು. ಅಲ್ಲಿನ ಲೋಮನಾಳಗಳು ತೀರಾ ಕಿರಿದು. ರಕ್ತಪರೀಕ್ಷೆ ರಿಪೋರ್ಟಿನಲ್ಲಿ ನ್ಯೂಟ್ರೊಫಿಲ್ ಶೇ. 60, ಶೇ. 70 ಅಂತ ಬರುತ್ತಲ್ಲ, ಆ ಬಿಳಿ ರಕ್ತಕಣಕ್ಕಿಂತಲೂ ಎಷ್ಟೋ ಲೋಮನಾಳಗಳು ಸಣ್ಣವು. ಕಣ ಮೈ ಹಿಂಡಿಕೊಂಡು, ಉದ್ದಕ್ಕಾಗಿ ನುಸುಳಬೇಕು. ಪ್ಯಾಂಕ್ರಿಯಾಸ್ ಕೆಟ್ಟಾಗ ಅಲ್ಲಿಂದ ಉರಿಯೂತದ ಸುದ್ದಿ ಹೊತ್ತ ಪ್ರೋಟೀನುಗಳು ರಕ್ತಕ್ಕೆ ಬೀಳುತ್ತವೆ. ಸುದ್ದಿ ಮುಟ್ಟಿದ ನ್ಯೂಟ್ರೊಫಿಲ್ ಬಿಗಿದುಕೊಳ್ಳುತ್ತೆ, ಬಗ್ಗೋದಿಲ್ಲ. ಬಗ್ಗದೇ ಇದ್ದದ್ದು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಚಿಕ್ಕಪ್ಪ: ಹಾಗಾದರೆ ಎದೆಯಲ್ಲಿ ಕ್ರಿಮಿ ಇರಲೇ ಇಲ್ಲ ಅಂತಲಾ? ಕ್ರಿಮಿ ಇಲ್ಲದೆ ನ್ಯುಮೋನಿಯಾ ಥರ ಆಯ್ತಾ?

ಮಗಳು: ಆಯ್ತು. ದೇಹಕ್ಕೆ ಕ್ರಿಮಿ ಬಂದರೂ ಒಂದೇ, ತನ್ನದೇ ಜೀವಕೋಶಗಳು ಒಡೆದು ಒಳಗಿನದು ಹೊರಗೆ ಚೆಲ್ಲಿದರೂ ಒಂದೇ. ಎರಡಕ್ಕೂ ಅದೇ ಎಚ್ಚರಿಕೆ ಗಂಟೆ ಹೊಡೆಯುತ್ತೆ. ನ್ಯುಮೋನಿಯಾ, ಬೇರೆ ಕಡೆಯ ನಂಜು ರಕ್ತಕ್ಕೇರಿದ್ದು, ವಾಂತಿ ಉಸಿರುನಾಳಕ್ಕೆ ಹೋಗಿದ್ದು, ಅಪಘಾತದ ಏಟು, ಎಲ್ಲವೂ ಕೊನೆಗೆ ಇದೇ ಜಾಗಕ್ಕೆ ಬಂದು ನಿಲ್ಲಬಹುದು. ನಮ್ಮ ಕಡೆ ಇಲಿಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ, ಡೆಂಗ್ಯೂ, ಎಚ್1ಎನ್1 ಕೂಡ ಈ ಪಟ್ಟಿಯಲ್ಲಿವೆ. ಈ ಕಾಯಿಲೆಯನ್ನು ಗುರುತಿಸಿದ ಕಥೆಯೂ ಹೀಗೇ. 1967ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಆ್ಯಶ್‌ಬಾ, ಬಿಗೆಲೋ, ಪೆಟ್ಟಿ, ಲೆವೀನ್ ಅನ್ನೋ ನಾಲ್ವರು ವೈದ್ಯರು, ಉಸಿರಾಟಕ್ಕೆ ಯಂತ್ರದ ನೆರವು ಪಡೆದ 272 ರೋಗಿಗಳಲ್ಲಿ 12 ಮಂದಿ ಒಂದೇ ರೀತಿ ಕುಸಿದದ್ದನ್ನು ಗುರುತಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಏಳು ಜನಕ್ಕೆ ಅಪಘಾತದ ಗಾಯ, ನಾಲ್ವರಿಗೆ ವೈರಸ್ ಸೋಂಕು, ಒಬ್ಬರಿಗೆ ಪ್ಯಾಂಕ್ರಿಯಾಟೈಟಿಸ್.

ಚಿಕ್ಕಪ್ಪ: ನಮ್ಮವರ ಕಾಯಿಲೆ ಮೊದಲ ಪಟ್ಟಿಯಲ್ಲೇ ಇತ್ತು ಅನ್ನು!

ಮಗಳು: ಇತ್ತು. ಆ ಹನ್ನೆರಡರಲ್ಲಿ ಏಳು ಜನ ಉಳಿಯಲಿಲ್ಲ. ಶವಪರೀಕ್ಷೆ ಮಾಡಿದಾಗ ಶ್ವಾಸಕೋಶ ಹಗುರವಾಗಿ, ಗಾಳಿ ತುಂಬಿಕೊಂಡು ಇರಲಿಲ್ಲ. ಲಿವರ್‌ನ ಹಾಗೆ ಕೆಂಪಗೆ, ಭಾರವಾಗಿತ್ತು. ಕಾರಣ ಬೇರೆ ಬೇರೆ, ಒಳಗೆ ಆದ ಹಾನಿ ಮಾತ್ರ ಒಂದೇ.

ಚಿಕ್ಕಪ್ಪ: ಆ ಒಳಗಿನದನ್ನೇ ಸರಿಯಾಗಿ ಹೇಳು. ಸಿಕ್ಕಿಹಾಕಿಕೊಂಡ ಕಣ ಏನು ಮಾಡುತ್ತೆ?

ಮಗಳು: ಶ್ವಾಸಕೋಶದ ತುದಿಯಲ್ಲಿ ಗಾಳಿಗೂಡುಗಳಿವೆ, ಕೋಟಿಗಟ್ಟಲೆ. ಗೂಡಿನೊಳಗಿನ ಗಾಳಿಗೂ ಪಕ್ಕದ ರಕ್ತಕ್ಕೂ ನಡುವೆ ಇರೋ ಗೋಡೆ, ತೆಳುವಾದ ಕಡೆ ಅರ್ಧ ಮೈಕ್ರೊಮೀಟರ್ ಕೂಡ ಇರೋಲ್ಲ. ಅಷ್ಟು ತೆಳು ಇದ್ದರೇ ಆಮ್ಲಜನಕ ದಾಟೋದು. ಗೂಡಿನ ಕಾವಲಿಗೆ ಮ್ಯಾಕ್ರೊಫೇಜ್ ಅನ್ನೋ ಕಣ ಇರುತ್ತೆ. ಅಪಾಯ ಕಂಡ ತಕ್ಷಣ ಅದು ಟಿಎನ್ಎಫ್, ಐಎಲ್-1, ಐಎಲ್-6, ಐಎಲ್-8 ಅನ್ನೋ ಸಂದೇಶಗಳನ್ನು ಬಿಡುತ್ತೆ. ಐಎಲ್-8 ಬಂತು ಅಂದರೆ ನ್ಯೂಟ್ರೊಫಿಲ್‌ಗಳಿಗೆ ಕರೆ ಬಂದ ಹಾಗೆ. ಅವು ರಕ್ತನಾಳದ ಗೋಡೆ ದಾಟಿ ಗೂಡಿಗೆ ನುಗ್ಗುತ್ತವೆ. ಅವುಗಳ ಕೈಲಿರೋದು ಎಲಾಸ್ಟೇಸ್ ಥರದ ಕಿಣ್ವಗಳು, ಕ್ರಿಮಿ ಸುಡೋ ಆಮ್ಲಜನಕದ ಉಗ್ರ ರೂಪಗಳು, ತಮ್ಮದೇ ಡಿಎನ್ಎ ಎಳೆ ಎಸೆದು ಹೆಣೆಯೋ ಬಲೆ. ಯಾವುದಕ್ಕೂ ಕ್ರಿಮಿ ಯಾವುದು, ಮನೆಯ ಗೋಡೆ ಯಾವುದು ಅನ್ನೋ ಭೇದ ಗೊತ್ತಿಲ್ಲ.

ಚಿಕ್ಕಪ್ಪ: ಗೋಡೆ ಬಿರುಕು ಬಿಡುತ್ತೆ.

ಮಗಳು: ಬಿಡುತ್ತೆ. ರಕ್ತನಾಳದ ಕಡೆಯ ಪದರವೂ ಸಡಿಲ, ಗೂಡಿನ ಕಡೆಯ ಪದರವೂ ಸಡಿಲ. ಪ್ರೋಟೀನ್ ತುಂಬಿದ ನೀರು ಗೂಡಿಗೆ ಸೋರುತ್ತೆ. ಟ್ಯೂಬ್‌ನಲ್ಲಿ ಸಕ್ಷನ್ ಹಾಕಿದರೆ ಕೆಲವರಿಗೆ ನಸುಗೆಂಪು ನೊರೆ ಬರುತ್ತಲ್ಲ, ಅದು ಇದೇ. ಹಾರ್ಟ್ ಸೋತು ಎದೆಯಲ್ಲಿ ನೀರು ನಿಂತಾಗಲೂ ನೊರೆ ಬರುತ್ತೆ, ಆದರೆ ಅಲ್ಲಿ ಒತ್ತಡ ಹೆಚ್ಚಾಗಿ ನೀರು ಬಂದಿರುತ್ತೆ. ಇಲ್ಲಿ ಗೋಡೆಯೇ ತೂತು. ಗೂಡು ಮುದುಡದ ಹಾಗೆ ಒಳಗೆ ಸವರಿಕೊಂಡಿರೋ ಸರ್ಫ್ಯಾಕ್ಟಂಟ್ ಅನ್ನೋ ಜಿಡ್ಡನ್ನೂ ಈ ಪ್ರೋಟೀನ್ ನೀರು ಕೆಡಿಸುತ್ತೆ. ಗೂಡುಗಳು ಕುಗ್ಗುತ್ತವೆ. ಸತ್ತ ಕೋಶದ ಚೂರು, ಫೈಬ್ರಿನ್ ಎಲ್ಲ ಸೇರಿ ಒಳಗೋಡೆಗೆ ಒಂದು ಪೊರೆ ಕಟ್ಟುತ್ತೆ. ಸೂಕ್ಷ್ಮದರ್ಶಕದಲ್ಲಿ ಅದು ಗುಲಾಬಿ ಪಟ್ಟಿಯ ಹಾಗೆ ಕಾಣುತ್ತೆ. ಅದನ್ನೇ ಹಯಲೈನ್ ಪೊರೆ ಅನ್ನೋದು.

ಚಿಕ್ಕಪ್ಪ: ನೀರು ಬರೋದು ಸರಿ. ತೋಟಕ್ಕೂ ಮಳೆಗಾಲದಲ್ಲಿ ನೀರು ಬಂದೇ ಬರುತ್ತೆ. ಅಡಿಕೆ ಮರ ಕೊಳೆಯೋದು ನೀರು ಬಂತು ಅಂತಲ್ಲ, ಬಸಿಗಾಲುವೆ ಕಟ್ಟಿಕೊಂಡು ನೀರು ಹೋಗಲಿಲ್ಲ ಅಂತ. ಶ್ವಾಸಕೋಶಕ್ಕೆ ಬಸಿಗಾಲುವೆ ಇಲ್ವಾ?

ಮಗಳು: ಇದೆ ಚಿಕ್ಕಪ್ಪ, ನೀವು ಹೇಳಿದ್ದೇ ಈ ಕಾಯಿಲೆಯ ಅರ್ಧ ಭಾಗ. ಗೂಡಿನ ಗೋಡೆಯ ಕೋಶಗಳು ಸೋಡಿಯಂ ಅನ್ನು ಒಳಗಿಂದ ಹೊರಕ್ಕೆ ಪಂಪ್ ಮಾಡುತ್ತವೆ, ಅದರ ಹಿಂದೆ ನೀರು ಹೋಗುತ್ತೆ. ಉರಿಯೂತ ಈ ಪಂಪನ್ನೂ ಹಾಳುಮಾಡುತ್ತೆ. 2001ರಲ್ಲಿ ವೇರ್ ಮತ್ತು ಮ್ಯಾಥೇ ಅನ್ನೋರು ರೋಗಿಗಳ ಗೂಡಿನ ನೀರನ್ನು ಅಳೆದು ನೋಡಿದರು. ಹೆಚ್ಚಿನವರಲ್ಲಿ ಬಸಿಯೋ ಕೆಲಸ ಕುಂಠಿತವಾಗಿತ್ತು. ಚೆನ್ನಾಗಿ ಬಸಿದವರು ಹೆಚ್ಚು ಉಳಿದರು.

ಚಿಕ್ಕಪ್ಪ: ಹಾಗಾದರೆ ಆ ಪಂಪ್ ಚಾಲೂ ಮಾಡೋ ಮದ್ದು ಕೊಟ್ಟರೆ ಆಯ್ತಲ್ಲ?

ಮಗಳು: ಕೊಟ್ಟು ನೋಡಿದರು. ನಿಮ್ಮ ಅಂಗಡಿಯಲ್ಲೇ ಇರೋ ಮದ್ದು. ಸಾಲ್ಬುಟಮಾಲ್.

ಚಿಕ್ಕಪ್ಪ: ದಮ್ಮಿನವರಿಗೆ ಕೊಡೋದು?

ಮಗಳು: ಅದೇ. ಸೋಡಿಯಂ ಪಂಪಿಗೆ ಚುರುಕು ಮುಟ್ಟಿಸೋ ಗುಣ ಅದಕ್ಕಿದೆ. ಸಣ್ಣ ಪ್ರಯೋಗದಲ್ಲಿ ಶ್ವಾಸಕೋಶದ ನೀರು ನಿಜಕ್ಕೂ ಇಳಿಯಿತು. ಆಮೇಲೆ ಬ್ರಿಟನ್ನಿನಲ್ಲಿ ರಕ್ತನಾಳದ ಮೂಲಕ ಕೊಟ್ಟು ದೊಡ್ಡದಾಗಿ ಪರೀಕ್ಷೆ ಮಾಡಿದರು. 2012ರಲ್ಲಿ ಫಲಿತಾಂಶ ಬಂತು: ಮದ್ದು ಪಡೆದವರಲ್ಲಿ 28 ದಿನದೊಳಗೆ ಶೇ. 34 ಸಾವು, ಪಡೆಯದವರಲ್ಲಿ ಶೇ. 23. ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಚಿಕ್ಕಪ್ಪ: ಅಯ್ಯೋ.

ಮಗಳು: ಅಂಗಡಿ ಕಪಾಟು ಪೂರ್ತಿ ತಿರುವಿ ನೋಡಿದ್ದಾರೆ. ಹುಳುಕಡ್ಡಿಗೆ ಕೊಡೋ ಕೀಟೊಕೊನಜೋಲ್‌ಗೆ ಉರಿಯೂತದ ಒಂದು ದಾರಿ ತಡೆಯೋ ಶಕ್ತಿ ಇದೆ ಅಂತ ಕೊಟ್ಟರು, ಪ್ರಯೋಜನ ಇಲ್ಲ. ಕೊಲೆಸ್ಟರಾಲ್‌ಗೆ ಕೊಡೋ ರೊಸುವಾಸ್ಟಾಟಿನ್, ಸಿಮ್ವಾಸ್ಟಾಟಿನ್, 2014ರಲ್ಲಿ ಎರಡೂ ಸೋತವು. ಅಪಾಯದಲ್ಲಿರೋರಿಗೆ ಮೊದಲೇ ಆಸ್ಪಿರಿನ್ ಕೊಟ್ಟರೆ ಎಆರ್‌ಡಿಎಸ್ ತಪ್ಪೀತಾ ಅಂತ ನೋಡಿದರು, ತಪ್ಪಲಿಲ್ಲ.

ಚಿಕ್ಕಪ್ಪ: ಇಷ್ಟೆಲ್ಲ ಸೋತ ಮೇಲೆ ನಮ್ಮವರನ್ನು ಉಳಿಸಿದ್ದು ಯಾವುದು?

ಮಗಳು: ಉರಿಯೂತಕ್ಕೆ ನಾವು ಕೈಯಾರೆ ತುಪ್ಪ ಸುರಿಯೋದನ್ನು ನಿಲ್ಲಿಸಿದ್ದು.

ಚಿಕ್ಕಪ್ಪ: ನೀವು ವೈದ್ಯರೇ ಸುರೀತಿದ್ರಾ?

ಮಗಳು: ವೆಂಟಿಲೇಟರ್ ಮೂಲಕ. ಒಂದು ಕಾಲದಲ್ಲಿ ಪ್ರತಿ ಉಸಿರಿಗೂ ಧಾರಾಳವಾಗಿ ಗಾಳಿ ತುಂಬಬೇಕು ಅನ್ನೋ ನಂಬಿಕೆ ಇತ್ತು. ಆದರೆ 1974ರಲ್ಲೇ ವೆಬ್, ಟಿಯರ್ನಿ ಅನ್ನೋರು ಇಲಿಗಳ ಆರೋಗ್ಯವಂತ ಶ್ವಾಸಕೋಶಕ್ಕೆ ಜೋರು ಒತ್ತಡದಲ್ಲಿ ಗಾಳಿ ಊದಿ ತೋರಿಸಿದ್ದರು. ಗಂಟೆಯೊಳಗೆ ನೀರು ತುಂಬಿಕೊಂಡಿತು. ಆಮೇಲೆ ಇಟಲಿಯ ಗಟಿನೋನಿ ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಇನ್ನೊಂದು ವಿಷಯ ತಿಳೀತು. ಎಆರ್‌ಡಿಎಸ್‌ನಲ್ಲಿ ಪೂರ್ತಿ ಶ್ವಾಸಕೋಶ ಒಂದೇ ಸಮ ಕೆಟ್ಟಿರೋಲ್ಲ. ದೊಡ್ಡ ಭಾಗ ಗಾಳಿ ಇಲ್ಲದೆ ಮುಚ್ಚಿಹೋಗಿರುತ್ತೆ, ಕೆಲಸ ಮಾಡೋ ಭಾಗ ಐದಾರು ವರ್ಷದ ಮಗುವಿನದಷ್ಟು ಉಳಿದಿರುತ್ತೆ. ಅಂಥ ಎದೆಗೆ ದೊಡ್ಡವರ ಅಳತೆಯ ಗಾಳಿ ಹಾಕಿದರೆ, ಚೆನ್ನಾಗಿರೋ ಗೂಡುಗಳು ಎಳೆದು ಹರಿದು, ಅವೂ ಐಎಲ್-6 ಕಾರೋಕೆ ಶುರುಮಾಡುತ್ತವೆ. ಅದು ರಕ್ತಕ್ಕೆ ಇಳಿದು ಕಿಡ್ನಿ, ಲಿವರ್‌ವರೆಗೂ ಹೋಗುತ್ತೆ. ಎಆರ್‌ಡಿಎಸ್ ರೋಗಿಗಳಲ್ಲಿ ಎಷ್ಟೋ ಜನ ಸಾಯೋದು ಬರೀ ಆಮ್ಲಜನಕದ ಕೊರತೆಯಿಂದಲ್ಲ, ಒಂದೊಂದೇ ಅಂಗ ಕೈಕೊಟ್ಟು.

ಚಿಕ್ಕಪ್ಪ: ಎಷ್ಟು ಗಾಳಿ ಕೊಡಬೇಕು ಅಂತ ಹೇಗೆ ಗೊತ್ತಾಗುತ್ತೆ? ತೂಕ ನೋಡಿನಾ?

ಮಗಳು: ತೂಕ ಅಲ್ಲ, ಎತ್ತರ. ಹೊಟ್ಟೆ ಬಂದರೆ ತೂಕ ಏರುತ್ತೆ, ಶ್ವಾಸಕೋಶ ಬೆಳೆಯೋಲ್ಲ. ನಮ್ಮವರನ್ನೇ ತಗೊಳ್ಳಿ. ತೂಕ 90 ಕಿಲೋ, ಎತ್ತರ 165 ಸೆಂಟಿಮೀಟರ್. ಟೇಪ್ ಹಿಡಿದು ತಲೆಯಿಂದ ಹಿಮ್ಮಡಿವರೆಗೆ ಅಳೆದೆವು. ಆ ಎತ್ತರದ ಗಂಡಸಿಗೆ ಲೆಕ್ಕದ ತೂಕ ಸುಮಾರು 61 ಕಿಲೋ. ಕಿಲೋಗೆ 6 ಮಿಲಿ ಅಂದರೆ ಒಂದು ಉಸಿರಿಗೆ 370 ಮಿಲಿ ಹತ್ತಿರ. ಹಳೇ ಲೆಕ್ಕದಲ್ಲಿ ಕಿಲೋಗೆ 12 ಮಿಲಿ ಹಾಕಿದ್ದರೆ ಅದರ ದುಪ್ಪಟ್ಟು. 90 ಕಿಲೋ ಮೇಲೆ ಹಾಕಿದ್ದರೆ ಲೀಟರಿಗೂ ಮೇಲೆ! ಈ 6 ಮತ್ತು 12ರ ಹೋಲಿಕೆ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದು 2000ನೇ ಇಸವಿಯಲ್ಲಿ ಪ್ರಕಟವಾಯಿತು. 12 ಪಡೆದವರಲ್ಲಿ ಸಾವು ಶೇ. 39.8, ಆರು ಪಡೆದವರಲ್ಲಿ ಶೇ. 31. ಕಡಿಮೆ ಗಾಳಿ ಪಡೆದವರ ರಕ್ತದಲ್ಲಿ ಐಎಲ್-6 ಕೂಡ ಹೆಚ್ಚು ಇಳಿದಿತ್ತು. ಹೊಸ ಮದ್ದಿಲ್ಲ, ಹೊಸ ಯಂತ್ರವಿಲ್ಲ. ಗುಂಡಿ ತಿರುಗಿಸಿದ್ದಷ್ಟೇ.

ಚಿಕ್ಕಪ್ಪ: ಅವರನ್ನು ಬೋರಲು ಮಲಗಿಸಿದ್ದೂ ಅದಕ್ಕೇನಾ? ಗಾಜಿನಾಚೆಯಿಂದ ನೋಡಿ ನಿನ್ನ ಚಿಕ್ಕಮ್ಮನಿಗೆ ಜೀವ ಬಾಯಿಗೆ ಬಂದಿತ್ತು.

ಮಗಳು: ಅದಕ್ಕೇ. ಅಂಗಾತ ಮಲಗಿದಾಗ ಬೆನ್ನ ಕಡೆಯ ಶ್ವಾಸಕೋಶ ಮೇಲಿನ ಭಾರಕ್ಕೆ ಅಮುಕಿರುತ್ತೆ, ಗಾಳಿಯೆಲ್ಲ ಮುಂದಿನ ಸ್ವಲ್ಪ ಭಾಗಕ್ಕೇ ಹೋಗಿ ಅದನ್ನು ಹಿಗ್ಗಿಸುತ್ತೆ. ಬೋರಲು ಹಾಕಿದರೆ ಗಾಳಿ ಹಂಚಿಕೊಳ್ಳುತ್ತೆ. ಮಾಡೋದು ಸುಲಭ ಅಲ್ಲ. ತಲೆ ಹತ್ತಿರ ಒಬ್ಬರು ಟ್ಯೂಬ್ ಹಿಡಿದೇ ಇರಬೇಕು, ಅವರು ಎಣಿಸಿದ ಮೇಲೇ ಉಳಿದ ನಾಲ್ಕೈದು ಜನ ಒಟ್ಟಿಗೆ ಹೊರಳಿಸಬೇಕು. ಇಸಿಜಿ ಪಟ್ಟಿಗಳು ಬೆನ್ನಿಗೆ ಹೋಗುತ್ತವೆ. ಕಣ್ಣಿಗೆ ಮುಲಾಮು ಹಚ್ಚಿ ಮುಚ್ಚಬೇಕು. ಎದೆಗೂ ಸೊಂಟಕ್ಕೂ ದಿಂಬು ಕೊಟ್ಟು ಹೊಟ್ಟೆ ಬಿಡಿ ಇಡಬೇಕು. ಎರಡು ಗಂಟೆಗೊಮ್ಮೆ ಮುಖ ಆ ಕಡೆ ಈ ಕಡೆ ತಿರುಗಿಸಬೇಕು. 16 ಗಂಟೆ ಆದ ಮೇಲೆ ಅಂಗಾತ ತಿರುಗಿಸಿದರೆ ಮುಖ ಊದಿ ಗುರುತೇ ಸಿಗೋಲ್ಲ. ಆದರೆ ಫ್ರಾನ್ಸಿನ ಗೆರಾಂ ಮುಂದಾಳತ್ವದಲ್ಲಿ 466 ರೋಗಿಗಳ ಮೇಲೆ ನಡೆದ ಪ್ರಯೋಗ 2013ರಲ್ಲಿ ಹೊರಬಂದಾಗ, 28 ದಿನದೊಳಗಿನ ಸಾವು ಶೇ. 32.8ರಿಂದ ಶೇ. 16ಕ್ಕೆ ಇಳಿದಿತ್ತು. ದಾದಿಯರ ತೋಳಿನ ಬಲದಿಂದ ಸಿಕ್ಕ ಫಲ ಅದು.

ಚಿಕ್ಕಪ್ಪ: ಎಲ್ಲ ಒಪ್ಪಿದೆ. ಆದರೂ ನನ್ನ ಮನಸ್ಸಿನಲ್ಲಿರೋದನ್ನ ಕೇಳಿಬಿಡ್ತೀನಿ. ಉರಿಯೂತ ಅಂದರೆ ನಮಗೆ ಗೊತ್ತಿರೋ ಮದ್ದು ಸ್ಟೀರಾಯ್ಡ್. ಡೆಕ್ಸಾ ಅಂತ ಕೆಲವೇ ರೂಪಾಯಿಗೆ ಸಿಗುತ್ತೆ. ಕೋವಿಡ್‌ನಲ್ಲಿ ಜೀವ ಉಳಿಸಿದ್ದು ಅದೇ ತಾನೇ? ಟಿವಿಯಲ್ಲಿ ಸೈಟೊಕೈನ್ ಬಿರುಗಾಳಿ ಅಂತ ಹಗಲೂ ರಾತ್ರಿ ಹೇಳ್ತಿದ್ರು. ಬಿರುಗಾಳಿ ಏಳೋ ಮೊದಲೇ ಕೊಟ್ಟುಬಿಟ್ಟರೆ ಆಗಲ್ವಾ?

ಮಗಳು: ಇಲ್ಲಿಗೇ ಬರಬೇಕಿತ್ತು ಮಾತು. ಬ್ರಿಟನ್ನಿನ ರಿಕವರಿ ಪ್ರಯೋಗ, 2020. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹೆಚ್ಚೆಂದರೆ ಹತ್ತು ದಿನ. 2,104 ಜನಕ್ಕೆ ಕೊಟ್ಟರು, 4,321 ಜನಕ್ಕೆ ಕೊಡಲಿಲ್ಲ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕವೂ ಬೇಕಿಲ್ಲದವರಲ್ಲಿ ಏನಾಯ್ತು ಹೇಳಿ?

ಚಿಕ್ಕಪ್ಪ: ಎಲ್ಲರೂ ಉಳಿದಿರಬೇಕು.

ಮಗಳು: ಮದ್ದು ಪಡೆಯದವರಲ್ಲಿ ಶೇ. 14 ಸಾವು, ಪಡೆದವರಲ್ಲಿ ಶೇ. 17.8. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದರೆ ಲಾಭ ಅಂತೂ ಚೂರೂ ಕಾಣಲಿಲ್ಲ. ಮದ್ದು ಅದೇ, ಪ್ರಮಾಣ ಅದೇ, ವೈರಸ್ಸೂ ಅದೇ. ಬದಲಾಗಿದ್ದು ಕಾಯಿಲೆಯ ಹಂತ. ಮೊದಲ ದಿನಗಳಲ್ಲಿ ಎದೆಯಲ್ಲಿ ನಡೆಯೋ ಉರಿಯೂತ ವೈರಸ್ ಮೇಲಿನ ಹೋರಾಟ. ಆಗ ಅದನ್ನು ಕಟ್ಟಿಹಾಕಿದರೆ ವೈರಸ್‌ಗೆ ಅನುಕೂಲ. ಕೊನೆಗೆ ವೈರಸ್ ಇಳಿಮುಖವಾದ ಮೇಲೂ ಉರಿಯೂತ ನಿಲ್ಲದೆ ಗೋಡೆ ಕೆಡವುತ್ತಾ ಇದ್ದರೆ, ಆಗ ಅದನ್ನು ತಡೆಯೋದು ಚಿಕಿತ್ಸೆ.

ಚಿಕ್ಕಪ್ಪ: ಹಾಗಾದರೆ ತಡವಾದಷ್ಟೂ ಒಳ್ಳೇದಾ?

ಮಗಳು: ಅದೂ ಅಲ್ಲ. 2006ರಲ್ಲಿ ಇನ್ನೊಂದು ಪ್ರಯೋಗ ಬಂತು. ವಾರ ಕಳೆದರೂ ಎಆರ್‌ಡಿಎಸ್ ಬಿಡದ 180 ರೋಗಿಗಳಿಗೆ ಮಿಥೈಲ್‌ಪ್ರೆಡ್ನಿಸೊಲೋನ್ ಕೊಟ್ಟು ನೋಡಿದರು. ಒಟ್ಟಾರೆ ಸಾವು ಕಡಿಮೆ ಆಗಲಿಲ್ಲ, ಎರಡು ವಾರ ದಾಟಿದ ಮೇಲೆ ಶುರುಮಾಡಿದವರಲ್ಲಿ ಸಾವು ಹೆಚ್ಚಾಯಿತು. ಎಚ್1ಎನ್1 ಜ್ವರದಲ್ಲಿ ಸ್ಟೀರಾಯ್ಡ್ ಪಡೆದವರನ್ನು ಗಮನಿಸಿದ ವರದಿಗಳಲ್ಲೂ ಲಾಭ ಕಾಣಲಿಲ್ಲ, ಹಾನಿಯ ಸುಳಿವೇ ಇತ್ತು. ಈಗಿನ ಮಾರ್ಗಸೂಚಿಗಳು ಎಆರ್‌ಡಿಎಸ್‌ಗೆ ಸ್ಟೀರಾಯ್ಡ್ ಬಳಸಬಹುದು ಅನ್ನುತ್ತವೆ, ಆದರೆ ಯಾರಿಗೆ, ಯಾವಾಗ ಅನ್ನೋದನ್ನು ರೋಗಿಯ ಪಕ್ಕ ನಿಂತು ತೀರ್ಮಾನಿಸಬೇಕು. ಇನ್ನು ಬಿರುಗಾಳಿ ಅಂದ್ರಲ್ಲ, ಅಳೆದು ನೋಡಿದಾಗ ಕೋವಿಡ್ ರೋಗಿಗಳ ರಕ್ತದಲ್ಲಿದ್ದ ಐಎಲ್-6 ಸರಾಸರಿ, ಹಿಂದಿನ ಎಆರ್‌ಡಿಎಸ್ ರೋಗಿಗಳದ್ದಕ್ಕಿಂತ ಎಷ್ಟೋ ಕಡಿಮೆ ಇತ್ತು.

ಚಿಕ್ಕಪ್ಪ: ಎಲ್ಲ ರೋಗಿಯದ್ದೂ ಒಂದೇ ಥರದ ಉರಿಯೂತ ಅಲ್ಲ ಅಂತಾಯ್ತು.

ಮಗಳು: ಹೌದು, ಅದನ್ನು ಲೆಕ್ಕ ಹಾಕಿ ತೋರಿಸಿದವರು ಕ್ಯಾಲಿಫೋರ್ನಿಯಾದ ಕ್ಯಾರೊಲಿನ್ ಕ್ಯಾಲ್ಫಿ ಮತ್ತು ಸಂಗಡಿಗರು, 2014ರಲ್ಲಿ. ಹಳೇ ಪ್ರಯೋಗಗಳ ರಕ್ತದ ಮಾದರಿ ತೆಗೆದು ನೋಡಿದರೆ ರೋಗಿಗಳು ಎರಡು ಗುಂಪಾಗಿ ಒಡೆದರು. ಸುಮಾರು ಮೂರನೇ ಒಂದು ಭಾಗದವರಲ್ಲಿ ಉರಿಯೂತ ಅತಿ ಹೆಚ್ಚು, ಬಿಪಿ ಕುಸಿತ, ಸಾವೂ ಹೆಚ್ಚು. ಉಳಿದವರಲ್ಲಿ ಉರಿಯೂತ ಅಷ್ಟಿಲ್ಲ. ಎಕ್ಸ್‌ರೇಯಲ್ಲಿ ಇಬ್ಬರದ್ದೂ ಒಂದೇ ಬಿಳುಪು! ಸೋತಿದ್ದ ಸಿಮ್ವಾಸ್ಟಾಟಿನ್ ಪ್ರಯೋಗವನ್ನು 2018ರಲ್ಲಿ ಹೀಗೆ ಎರಡು ಗುಂಪು ಮಾಡಿ ಮತ್ತೆ ನೋಡಿದಾಗ, ಉರಿಯೂತ ಹೆಚ್ಚಿದ್ದ ಗುಂಪಿನಲ್ಲಿ ಮದ್ದು ಪಡೆದವರು ಹೆಚ್ಚು ಉಳಿದಿದ್ದರು. ಹಿಂದಕ್ಕೆ ತಿರುಗಿ ನೋಡಿದ ಲೆಕ್ಕ ಅದು, ಇನ್ನೂ ಅಂತಿಮ ಅಲ್ಲ. ಆದರೆ ಅಷ್ಟು ಮದ್ದುಗಳು ಯಾಕೆ ಸೋತವು ಅನ್ನೋದಕ್ಕೆ ಅದೊಂದು ದಾರಿ ತೋರಿಸುತ್ತೆ. ಬೇಕಾದವರಿಗೂ ಬೇಡದವರಿಗೂ ಒಟ್ಟಿಗೆ ಕೊಟ್ಟಾಗ ಒಬ್ಬರ ಲಾಭವನ್ನು ಇನ್ನೊಬ್ಬರ ನಷ್ಟ ನುಂಗಿಹಾಕಿರಬಹುದು.

ಚಿಕ್ಕಪ್ಪ: ಇನ್ನೊಂದು ಸಂಶಯ. ಉರಿಯೂತ ತಾನಾಗಿ ನಿಲ್ಲೋದೇ ಇಲ್ವಾ? ಗಾಯ ಆದರೆ ಊದುತ್ತೆ, ವಾರದಲ್ಲಿ ಇಳಿಯುತ್ತೆ.

ಮಗಳು: ನಿಲ್ಲುತ್ತೆ, ಆದರೆ ಸುಮ್ಮನೆ ದಣಿದು ನಿಲ್ಲೋದಲ್ಲ, ದೇಹವೇ ಕೆಲಸ ಮಾಡಿ ನಿಲ್ಲಿಸೋದು. ಸತ್ತ ನ್ಯೂಟ್ರೊಫಿಲ್‌ಗಳನ್ನು ಮ್ಯಾಕ್ರೊಫೇಜ್ ನುಂಗಿ ಜಾಗ ಶುಚಿ ಮಾಡಬೇಕು. ಲಿಪಾಕ್ಸಿನ್, ರಿಸಾಲ್ವಿನ್ ಅನ್ನೋ ವಸ್ತುಗಳು 'ಇನ್ನು ಸಾಕು' ಅನ್ನೋ ಆದೇಶ ಕೊಡುತ್ತವೆ. ಗೂಡಿನಲ್ಲಿ ಸರ್ಫ್ಯಾಕ್ಟಂಟ್ ತಯಾರಿಸೋ ಎರಡನೇ ಬಗೆಯ ಕೋಶಗಳು ವಿಭಜನೆಯಾಗಿ, ಹರಡಿಕೊಂಡು, ಕಿತ್ತುಹೋದ ಗೋಡೆಯನ್ನು ಮತ್ತೆ ಹೊದಿಸುತ್ತವೆ. ನೀರು ಬಸಿಯುತ್ತೆ. ನಮ್ಮವರಿಗೆ ಆದದ್ದು ಇದೇ. ಕೆಲವರಲ್ಲಿ ದುರಸ್ತಿ ದಾರಿ ತಪ್ಪಿ ಗೂಡಿನ ಜಾಗದಲ್ಲಿ ನಾರು ತುಂಬಿಕೊಳ್ಳುತ್ತೆ. ಅವರಿಗೆ ವೆಂಟಿಲೇಟರ್ ಬಿಡಿಸೋದೇ ಕಷ್ಟ.

ಚಿಕ್ಕಪ್ಪ: ಅಂದರೆ ನೀವು ಐಸಿಯುನಲ್ಲಿ ಮಾಡೋದು ಬಹುಪಾಲು ಕಾಯೋ ಕೆಲಸ.

ಮಗಳು: ಕೈಕಟ್ಟಿ ಕಾಯೋದಲ್ಲ. ಮೂಲ ಕಾರಣಕ್ಕೆ ಚಿಕಿತ್ಸೆ ಬೇಗ ಆಗಬೇಕು. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಎರಡು ದಿನ ತಡವಾದರೆ ಮಿಕ್ಕಿದ್ದೆಲ್ಲ ವ್ಯರ್ಥ ಆಗಬಹುದು. ಗಾಳಿ ಮಿತ, ಡ್ರಿಪ್ ಮಿತ, ಬೋರಲು ಮಲಗಿಸೋದು, ಹೊಸ ಸೋಂಕು ಬಾರದ ಹಾಗೆ ನೋಡಿಕೊಳ್ಳೋದು. ದೇಹ ತಾನೇ ನಿಲ್ಲಿಸೋವರೆಗೆ ಅದಕ್ಕೆ ಸಮಯ ಗಳಿಸಿಕೊಡೋದು. ಐವತ್ತು ವರ್ಷದಲ್ಲಿ ಈ ಕಾಯಿಲೆಯಲ್ಲಿ ಉಳಿದ ಜೀವಗಳಲ್ಲಿ ದೊಡ್ಡ ಪಾಲು ಉರಿಯೂತ ಆರಿಸಿದ ಮದ್ದಿನಿಂದ ಅಲ್ಲ, ಉರಿಯೂತ ಹೆಚ್ಚಿಸದ ಎಚ್ಚರದಿಂದ ಬಂದದ್ದು.

ಚಿಕ್ಕಪ್ಪ: ಇದನ್ನ ಅಂಗಡೀಲಿ ಕೂತಿರೋ ಮಗನಿಗೆ ಹೇಗೆ ಹೇಳಲಿ? ಮಳೆಗಾಲ ಬಂತು ಅಂದರೆ ಜ್ವರದವರು ಸಾಲುಗಟ್ಟಿ ನಿಲ್ತಾರೆ. 'ಹೋದ ಸಲ ಕೊಟ್ಟಿದ್ರಲ್ಲ, ಆ ಸಣ್ಣ ಮಾತ್ರೆ ಸೇರಿಸಿ ಕೊಡಿ, ಒಂದೇ ದಿನದಲ್ಲಿ ಜ್ವರ ಹೋಗುತ್ತೆ' ಅಂತ ಅವರೇ ಕೇಳ್ತಾರೆ.

ಮಗಳು: ಜ್ವರ ಹೋಗೋದು ನಿಜ. ಅದೇ ಮೋಸ. ಸ್ಟೀರಾಯ್ಡ್ ಜ್ವರ ಇಳಿಸುತ್ತೆ, ಮೈಕೈ ನೋವು ಕಳೆಯುತ್ತೆ, ಒಳಗೆ ಸೋಂಕು ಹಬ್ಬುತ್ತಾ ಇದ್ದರೂ ಮನುಷ್ಯ ಲವಲವಿಕೆಯಿಂದ ಇರ್ತಾನೆ. ಸಕ್ಕರೆ ಕಾಯಿಲೆ ಇದ್ದರಂತೂ ಸಕ್ಕರೆ ಗಗನಕ್ಕೆ. 2021ರಲ್ಲಿ ಕಪ್ಪು ಶಿಲೀಂಧ್ರ ಎದ್ದಾಗ ಅಂಕೆ ತಪ್ಪಿದ ಸಕ್ಕರೆ ಮತ್ತು ಬೇಕಾಬಿಟ್ಟಿ ಸ್ಟೀರಾಯ್ಡ್ ಎರಡರ ಕೈವಾಡವೂ ಇತ್ತು. ಆ ವರ್ಷ ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಲು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಬೇಕಾಯಿತು. ಕಣ್ಣು, ದವಡೆ ಕಳೆದುಕೊಂಡವರನ್ನ ನಾವು ನೋಡಿದ್ದೀವಿ.

ಚಿಕ್ಕಪ್ಪ: ಸರಿ. ಜನಕ್ಕೆ ಅರ್ಥ ಆಗೋ ಹಾಗೆ ನಾಲ್ಕು ಮಾತು ಹೇಳು. ಬರೆದು ಕೌಂಟರ್ ಮೇಲೆ ಅಂಟಿಸ್ತೀನಿ.

ಮಗಳು: ಬರ್ಕೊಳ್ಳಿ. ಜ್ವರದ ಜೊತೆ ಉಸಿರು ಕಟ್ಟಿದರೆ, ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ, ಬೆರಳಿಗೆ ಹಾಕೋ ಮೀಟರ್‌ನಲ್ಲಿ ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ ಅಂಗಡಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ. ಡಾಕ್ಟರ ಚೀಟಿ ಇಲ್ಲದೆ ಸ್ಟೀರಾಯ್ಡ್ ಕೇಳಬೇಡಿ. ಕೇಳಿದರೂ ಇಲ್ಲಿ ಕೊಡುವುದಿಲ್ಲ. ಡಾಕ್ಟರು ಬರೆದುಕೊಟ್ಟು ಬಹಳ ದಿನದಿಂದ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ, ಅವರನ್ನು ಕೇಳದೆ ಅದನ್ನು ಒಮ್ಮೆಲೇ ನಿಲ್ಲಿಸಲೂ ಬೇಡಿ.